ಸಭೆಯಲ್ಲಿ ದೊಡ್ಡಮ್ಮನ ದನಿ ಇಳಿಸಿದ್ದು

ಅವನಿಗೆ ಮನೆಯವರು ಇಟ್ಟ ಹೆಸರು ಒಂದಿದೆ. ಶಾಲೆ ಹಾಜರಿ ಪುಸ್ತಕದಲ್ಲಿ ಅದು ಈಗಲೂ ಮಲಗಿರಬಹುದು, ನಾವ್ಯಾಕೆ ಎಬ್ಬಿಸೋಣ. ಊರಿಗೆಲ್ಲ ಅವನು ಸೌಂಡು. ಮದುವೆ ಇರಲಿ, ಚುನಾವಣೆ ಭಾಷಣ ಇರಲಿ, ಅಂಗಡಿ ಉದ್ಘಾಟನೆ ಇರಲಿ, ಒಂದು ಸಣ್ಣ ಗೂಡ್ಸ್ ಗಾಡಿ ಬಂದು ನಿಲ್ಲುತ್ತೆ. ಒಳಗಿಂದ ಕರೀ ಸ್ಪೀಕರ್ ಬಾಕ್ಸುಗಳು, ಮೈಕುಗಳು, ಹಾವು ಸುರುಳಿ ಸುತ್ತಿದ ಹಾಗೆ ಸುತ್ತಿಟ್ಟ ವೈರು ಇಳಿಯುತ್ತೆ. ಕೊನೆಗೆ ಇವನು ಇಳೀತಾನೆ, ಎದೆಗೆ ಅವುಚಿಕೊಂಡ ಮಿಕ್ಸರ್ ಜೊತೆ. ಅಡುಗೆಮನೆ ಮಿಕ್ಸರ್ ಅಲ್ಲಪ್ಪ, ಎಲ್ಲಾ ಮೈಕಿನ ದನಿ ಬಂದು ಸೇರೋ ಪೆಟ್ಟಿಗೆ, ಮೇಲೆ ಸಾಲಾಗಿ ತಿರುಗಿಸೋ ನಾಬ್‌ಗಳು. ಅದನ್ನ ಅವನು ಯಾರ ಕೈಗೂ ಕೊಡಲ್ಲ. ಹೆಂಡತಿ ಬಂದಿದ್ರೂ ಕೊಡ್ತಿರಲಿಲ್ಲ, ಸದ್ಯ ಇನ್ನೂ ಬಂದಿಲ್ಲ.

ಅವನ ಕಸುಬಲ್ಲಿ ಒಂದು ಕರಾಮತ್ತಿದೆ. ಅದಕ್ಕೆ "ಇಳಿಸೋದು" ಅಂತಾರೆ. ಯಾರೋ ಒಬ್ಬ ಮಹಾನುಭಾವ "ಎರಡೇ ಮಾತು" ಅಂತ ವೇದಿಕೆ ಮೇಲೆ ನಿಂತು ಊಟದ ಹೊತ್ತು ಮೀರಿದ್ರೂ ಬಿಡದೆ ಕೊರೀತಿರ್ತಾನೆ ಅಂದ್ಕೊಳ್ಳಿ. ಕಾರ್ಯಕ್ರಮ ಮಾಡಿಸಿದವನು ಮೂಲೇಲಿ ನಿಂತು ಕಿವಿ ಕೆರ್ಕೋತಾನೆ. ಕಿವಿ ಕೆರೆದ ಅಂದ್ರೆ ಇಳಿಸು ಅಂತ. ಸೌಂಡು ನಾಬ್ ಮೇಲೆ ಎರಡು ಬೆರಳಿಟ್ಟು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸ್ತಾನೆ. ಸ್ವಲ್ಪ ಬಿಟ್ಟು ಇನ್ನೊಂದು ಕೂದಲೆಳೆ. ಒಂದೇ ಸಲ ತಿರುಗಿಸಿದ್ರೆ ಕಳ್ಳ ಸಿಕ್ಕಿಬೀಳ್ತಾನೆ. ಹೀಗೆ ಇಳಿಸಿದ್ರೆ ಭಾಷಣ ಮಾಡೋನಿಗೆ ತನ್ನ ಗಂಟಲೇ ಸೋತಿತು ಅನ್ಸುತ್ತೆ. ಕೆಮ್ಮುತಾನೆ, ನೀರು ಕುಡೀತಾನೆ, "ಇಷ್ಟು ಹೇಳಿ" ಅಂತ ಕೂತ್ಕೋತಾನೆ. ಒಬ್ಬ ರಾಜಕೀಯದವನು ಅಂತೂ ಮಾರನೇ ದಿನ ಗಂಟಲು ಡಾಕ್ಟರ ಹತ್ರ ಹೋಗಿದ್ನಂತೆ. ಈ ಕಥೆ ಹೇಳಿ ಸೌಂಡು ಹೊಟ್ಟೆ ಹಿಡ್ಕೊಂಡು ನಗ್ತಿದ್ದ. ಈಗ ಹೇಳಲ್ಲ. ಯಾಕೆ ಅಂತ ಹೇಳ್ತೀನಿ, ಕೇಳಿ.

ಊರಾಚೆ, ಕಡಲ ದಡದಲ್ಲಿ, ಅರ್ಧ ಕಟ್ಟಿದ ಅಣು ಸ್ಥಾವರ ಇದೆ. ಸೌಂಡು ಹುಟ್ಟೋಕೆ ಕೆಲವು ವರ್ಷ ಮುಂಚೆ ಕಟ್ಟೋಕೆ ಶುರು ಮಾಡಿದ್ರು, ಅವನು ಹುಟ್ಟಿದ ವರ್ಷ, ಗುಮ್ಮಟ ಅರ್ಧಕ್ಕೆ ಬಂದಾಗ, ಯಾಕೋ ಏನೋ ನಿಲ್ಲಿಸಿಬಿಟ್ರು. ಅವತ್ತಿಂದ ಹಗ್ಗ ಹರಿಯಲಿಲ್ಲ, ಕೋಲು ಮುರಿಯಲಿಲ್ಲ. ಮೇಲಿನ ಕಬ್ಬಿಣದ ಸರಳು ತುಕ್ಕು ಹಿಡಿದು, ಬಾಚದೆ ಬಿಟ್ಟ ತಲೆ ಹಾಗೆ ಕೆದರಿಕೊಂಡಿವೆ. ಸ್ಥಾವರ ತಣ್ಣಗಿರೋಕೆ ನೀರು ಬೇಕಲ್ಲ, ಅದಕ್ಕೆ ಅಂತ ಕಡಲಿಂದ ಒಳಕ್ಕೆ ತೋಡಿದ್ದ ದೊಡ್ಡ ಕಾಲುವೆ ಮಾತ್ರ ಪೂರ್ತಿ ಆಗಿತ್ತು. ಸ್ಥಾವರ ಬರಲಿಲ್ಲ, ಕಾಲುವೆಗೆ ನೀರು ಬಂತು. ನೀರಿನ ಜೊತೆ ಕೆಸರು ಬಂತು. ಕೆಸರಲ್ಲಿ ಚಿಪ್ಪುಮೀನು ಬಂತು. ಚಿಪ್ಪುಮೀನಿನ ಹಿಂದೆ ಹೆಂಗಸರು ಬಂದ್ರು.

ಹಾಗೆ ಬಂದವರಲ್ಲಿ ಮೊದಲನೆಯವಳು ಸೌಂಡಿನ ದೊಡ್ಡಮ್ಮ. ಇವನ ಅಮ್ಮ ಇವನಿಗೆ ಹಲ್ಲು ಬರೋ ಮುಂಚೆ ತೀರಿಕೊಂಡ್ಲು. ಅಪ್ಪ ಆ ಸ್ಥಾವರದ ಗಾರೆ ಕೆಲಸಕ್ಕೆ ಬಂದವನು, ಕೆಲಸ ನಿಂತ ಮೇಲೆ ಬೇರೆ ಕಡೆ ನೋಡ್ತೀನಿ ಅಂತ ಹೋದ, ಹೋದೋನು ಹೋದ. ಉಳಿದ ಕೂಸನ್ನ ಎತ್ಕೊಂಡಿದ್ದು ಅಮ್ಮನ ಅಕ್ಕ. ಕಡಲು ಹಿಂದೆ ಸರಿದಾಗ ಮೊಣಕಾಲುದ್ದ ಕೆಸರಿಗೆ ಇಳಿದು, ಕಾಲ್ಬೆರಳಲ್ಲೇ ತಡಕಿ, ಬಗ್ಗಿ ಚಿಪ್ಪು ಎತ್ತಿ ಬಕೆಟ್ಟಿಗೆ ಹಾಕೋದು ಅವಳ ಕೆಲಸ. ದಡದಲ್ಲಿ ಬಟ್ಟೆ ಒಗೆಯೋ ಟಬ್ಬಲ್ಲಿ ಇವನನ್ನ ಕೂರಿಸಿರ್ತಿದ್ಲು. ಅತ್ತರೆ ಒಂದು ಖಾಲಿ ಚಿಪ್ಪು ಕೈಗೆ ಕೊಡೋದು, ಆಟಕ್ಕೆ. ಮಾರಿ ಬಂದದ್ದರಲ್ಲಿ ಇವನ ಶಾಲೆ, ಉಳಿದದ್ದನ್ನ ಬೇಯಿಸಿದ್ರೆ ಇವನ ಊಟ.

ಕೆಸರಿನ ವಾಸನೆ ಇದೆಯಲ್ಲ, ಅದು ಸೋಪಿಗೆ ಜಗ್ಗಲ್ಲ. ಶಾಲೇಲಿ ಇವನ ಪಕ್ಕ ಯಾರೂ ಕೂರ್ತಿರಲಿಲ್ಲ. "ಚಿಪ್ಪು ಬಂತು, ಮೂಗು ಮುಚ್ಕೊಳ್ರೋ" ಅನ್ನೋರು. ಅದಕ್ಕೇ ದುಡಿಯೋಕೆ ಶುರು ಮಾಡಿದ್ದೇ ತಡ, ಪೇಟೆಯಲ್ಲಿ ಬಟ್ಟೆ ಅಂಗಡಿ ಮೇಲೆ ಒಂದು ರೂಮು ಹಿಡಿದ. ಕಾರ್ಯಕ್ರಮಕ್ಕೆ ಹೋಗೋ ಮುಂಚೆ ಕುತ್ತಿಗೆಗೆ ಎರಡು ಸಲ, ಮಿಕ್ಸರ್ ಮುಚ್ಚೋ ಬಟ್ಟೆಗೆ ಒಂದು ಸಲ ಸೆಂಟ್ ಹೊಡೀತಾನೆ. ದೊಡ್ಡಮ್ಮನ ಮೇಲೆ ಪ್ರೀತಿ ಇಲ್ಲ ಅಂತಲ್ಲ. ವಾರಕ್ಕೊಮ್ಮೆ ಹೋಗ್ತಾನೆ, ಔಷಧಿ ತಂದ್ಕೊಡ್ತಾನೆ. ಆದ್ರೆ ಅವಳು ಪೇಟೆಗೆ ಬರ್ತೀನಿ ಅಂದ್ರೆ, "ಬರೋ ಮುಂಚೆ ಫೋನ್ ಮಾಡು ದೊಡ್ಡಮ್ಮ, ನಾನೇ ಕೆಳಗೆ ಬರ್ತೀನಿ" ಅಂತಾನೆ. ಅವಳು ಇಷ್ಟು ವರ್ಷದಲ್ಲಿ ಆ ರೂಮಿನ ಬಾಗಿಲು ನೋಡಿಲ್ಲ. ಮಗನಿಗೆ ಮೆಟ್ಟಿಲು ಹತ್ತಿಸೋಕೆ ಮನಸ್ಸಿಲ್ಲ, ನನ್ನ ಮಂಡಿ ನೋವು ಅವನಿಗೆ ಗೊತ್ತು ಅಂತ ಅಕ್ಕಪಕ್ಕದವರ ಹತ್ರ ಹೇಳ್ಕೊಂಡು ಓಡಾಡ್ತಿದ್ಲು.

ಹೀಗಿರುವಾಗ ಸ್ಥಾವರದ ಕೆಲಸ ಮತ್ತೆ ಶುರು ಅಂತ ಸುದ್ದಿ ಬಂತು. ಆದ್ರೆ ಹಳೇ ಪರಿಶೀಲನೆ ಹಳಸಿಹೋಗಿದೆ, ಪರಿಸರದ ಪರಿಶೀಲನೆ ಹೊಸದಾಗಿ ಆಗ್ಬೇಕು, ಸುತ್ತಮುತ್ತಲ ಜನ ಏನಂತಾರೆ ಕೇಳ್ಬೇಕು. ಅದಕ್ಕೆ ಸರ್ಕಾರದಿಂದ ಒಬ್ಬರು ಅಧಿಕಾರಿ ಮೇಡಂ ಬಂದ್ರು. ಪುರಸಭೆ ಸಭಾಂಗಣದಲ್ಲಿ ಅಹವಾಲು ಸಭೆ. ಮೈಕಿನ ಕೆಲಸ ಯಾರಿಗೆ? ನಮ್ಮ ಸೌಂಡಿಗೆ.

ಹಳೇ ವರದೀಲಿ "ಕಾಲುವೆ ಖಾಲಿ, ಯಾರ ಬಳಕೆಯಲ್ಲೂ ಇಲ್ಲ" ಅಂತ ಇತ್ತು. ಅದನ್ನ ಬರೆದಾಗ ಅದು ನಿಜವೇ, ಆಗಿನ್ನೂ ಕಾಲುವೆಯ ಮಣ್ಣು ಒಣಗಿರಲಿಲ್ಲ. ಈಗ ಹೊಸ ವರದೀಲೂ ಅದೇ ಸಾಲು ಬಂದ್ರೆ ಕಥೆ ಮುಗೀತು. ಕಾಲುವೆಗೆ ಬೇಲಿ ಬೀಳುತ್ತೆ, ಹೆಂಗಸರು ಮನೇಲಿ. ಅದರ ಬದಲು "ಜನ ಬಳಸ್ತಿದ್ದಾರೆ" ಅಂತ ಬಂದ್ರೆ, ಪಕ್ಕದಲ್ಲಿ ಅಷ್ಟೇ ದೊಡ್ಡ ಕೆಸರುದಡ ಅವರಿಗೆ ಬಿಟ್ಟು, ಹೋಗಿಬರೋಕೆ ದಾರಿ ಮಾಡಿಕೊಡ್ಬೇಕು. ಚಿಪ್ಪು ಆಯೋರ ಪರವಾಗಿ ಒಬ್ಬರು ಮಾತಾಡಬಹುದು, ಒಂದೇ ಸರದಿ. ಎಲ್ಲರೂ ಸೇರಿ ದೊಡ್ಡಮ್ಮನನ್ನ ಮುಂದೆ ತಳ್ಳಿದ್ರು. ಇನ್ನೊಂದು ನಿಯಮ, ಇದನ್ನ ನೆನಪಿಟ್ಕೊಳ್ಳಿ: ಮೈಕಲ್ಲಿ ಬಂದದ್ದು ಮಾತ್ರ ಲೆಕ್ಕ. ಸೌಂಡಿನ ಮಿಕ್ಸರಿಂದ ಒಂದು ವೈರು ಸೀದಾ ಮೇಡಂ ಜೊತೆಗಿದ್ದ ಟೈಪಿಸ್ಟ್ ಹುಡುಗಿಯ ಲ್ಯಾಪ್‌ಟಾಪಿಗೆ ಹೋಗ್ತಿತ್ತು. ಅಲ್ಲಿ ದಾಖಲಾದದ್ದೇ ವರದಿ, ಅದರಲ್ಲೂ ಬರೀ ಬಳಸ್ತೀವಿ ಅಂದ್ರೆ ಸಾಲದು, ಯಾರು, ಏನಕ್ಕೆ, ಯಾವಾಗ ಅನ್ನೋ ವಿವರ ಬೇಕು.

ಸಭೆ ದಿನ ಸೌಂಡು ಹೊಸ ನೀಲಿ ಶರಟು ಹಾಕಿದ್ದ. ಅದಕ್ಕೂ ಕಾರಣ ಇತ್ತು. ಸ್ಥಾವರದ ಇಂಜಿನಿಯರ್ ಒಬ್ಬರು ಬೇಗ ಬಂದು, ಇವನು ವೈರು ಹಾಸೋದನ್ನ ನೋಡಿ ಮೆಚ್ಚಿಕೊಂಡಿದ್ರು.

"ಒಂದು ವೈರೂ ಕಾಲಿಗೆ ಸಿಗ್ತಿಲ್ಲ ನೋಡಿ. ನಮ್ಮಲ್ಲಿ ಕೆಲಸ ಶುರುವಾದ್ರೆ ವಾರಕ್ಕೊಂದು ಸಭೆ ಇರುತ್ತೆ. ನಿಮ್ಮಂಥೋರು ಬೇಕು. ನೀವು ಈ ಊರಿನವರೇನಾ?"

"ಪೇಟೆ ಕಡೆ ಸಾರ್" ಅಂದ ಸೌಂಡು. ಸುಳ್ಳೇನಲ್ಲ, ರೂಮು ಪೇಟೆಯಲ್ಲೇ ಇದೆ.

ಅಷ್ಟರಲ್ಲಿ ದೊಡ್ಡಮ್ಮ ಬಂದ್ಲು. ಕೈ ತಿಕ್ಕಿ ತಿಕ್ಕಿ ತೊಳ್ಕೊಂಡಿದ್ಲು, ಉಗುರಿನ ಸಂದೀಲಿ ಕಪ್ಪು ಹಾಗೇ ಇತ್ತು. ಸೀದಾ ಮಿಕ್ಸರ್ ಮೇಜಿನ ಹತ್ರ ಬಂದು, "ತಿಂದ್ಯೇನೋ?" ಅಂದ್ಲು.

"ಆಯ್ತು. ಹೋಗಿ ಮುಂದೆ ಕೂತ್ಕೊ."

"ಶರಟು ಹೊಸದಾ? ಕಾಲರ್ ಮಡಚಿದೆ ನೋಡು."

"ಆಮೇಲೆ ಸರಿ ಮಾಡ್ಕೋತೀನಿ. ಹೋಗು."

ಅವಳು ಹೋದ ಮೇಲೆ ಇಂಜಿನಿಯರ್ ಕೇಳಿದ್ರು, "ಯಾರು, ನಿಮ್ಮವರಾ?"

"ಗೊತ್ತಿರೋರು ಸಾರ್."

ಬಾಯಿಂದ ಬಂದದ್ದು ಅಷ್ಟೇ. ಮುಖ ನಗ್ತಾನೇ ಇತ್ತು, ಕೈ ಮಾತ್ರ ಮಡಚಿದ ಕಾಲರ್ ಸರಿ ಮಾಡ್ತಿತ್ತು.

ಮೀನುಗಾರರು ಮಾತಾಡಿದ್ರು, ಪಕ್ಕದ ಬಡಾವಣೆಯವರು ಮಾತಾಡಿದ್ರು, ಒಬ್ಬ ಮೇಷ್ಟ್ರು ಹಕ್ಕಿಗಳ ಬಗ್ಗೆ ಮಾತಾಡಿದ್ರು. ಆಮೇಲೆ ದೊಡ್ಡಮ್ಮನ ಸರದಿ. ಅಷ್ಟು ಜನರನ್ನ ನೋಡಿ ಅವಳ ದನಿ ಮೊದಲೇ ಸಣ್ಣ ಆಗಿತ್ತು, ಮೇಲೆ ಹಳೇ ಫ್ಯಾನುಗಳ ಗರಗರ.

"ನಂಗೆ ಮಾತಾಡೋಕೆ ಬರಲ್ಲ ಮೇಡಂ. ಇವರೆಲ್ಲ ನೀನೇ ಹೇಳು, ನಿಂದೇ ಉದ್ದ ನಾಲಿಗೆ ಅಂತ ತಳ್ಳಿದ್ರು. ಕಾಲುವೆ ಖಾಲಿ ಅಂತ ಬರ್ದಿದ್ದಾರಂತೆ. ದಿನಾ ನಾವು ಅಲ್ಲೇ ಬಿದ್ದಿರ್ತೀವಿ. ನಾವು ಖಾಲಿ ಆಗ್ತೀವಾ, ಹೇಳಿ?"

ಜನ ನಕ್ಕರು. ಮೇಡಂ ಕೂಡ ನಕ್ಕರು. ಅವಳಿಗೆ ಧೈರ್ಯ ಬಂತು, ಕೈ ಎತ್ತಿ ತೋರಿಸಿದ್ಲು.

"ಅಗೋ ಅಲ್ಲಿ, ಮಷಿನ್ ಹತ್ರ ನೀಲಿ ಶರಟು ಹಾಕ್ಕೊಂಡು ಕೂತಿದಾನಲ್ಲ, ನೋಡಿ. ಅವನು ಬೆಳೆದಿದ್ದೇ ಆ ಕೆಸರಲ್ಲಿ. ಟಬ್ಬಲ್ಲಿ ಕೂರಿಸ್ತಿದ್ದೆ. ಒಂದ್ಸಲ ಟಬ್ಬಿಂದ ಬಿದ್ದು ಮೂಗಿನ ತನಕ ಕೆಸರು..."

ಸಭೆಯ ತಲೆಗಳೆಲ್ಲ ತಿರುಗಿದ್ವು. ಇಂಜಿನಿಯರ್ ತಲೆಯೂ ತಿರುಗ್ತು. ಸೌಂಡಿಗೆ ಮೂವತ್ತರ ಹತ್ತಿರ ವಯಸ್ಸು, ಆ ಗಳಿಗೇಲಿ ಮತ್ತೆ ಶಾಲೆಯ ಹಿಂದಿನ ಬೆಂಚಿನ ಹುಡುಗ ಆಗ್ಬಿಟ್ಟ. ಯಾರೂ ಕಿವಿ ಕೆರೆದಿರಲಿಲ್ಲ. ಬೆರಳು ತಾನಾಗೇ ನಾಬಿಗೆ ಹೋಯ್ತು. ಕೂದಲೆಳೆಯಷ್ಟು. ಇನ್ನೊಂದಿಷ್ಟು. ದೊಡ್ಡಮ್ಮನ ದನಿ ಬಾವಿಗೆ ಇಳಿದ ಹಾಗೆ ಇಳೀತು.

"ಅಮ್ಮ, ಮೈಕ್ ಹತ್ರ ಬನ್ನಿ" ಅಂದ್ರು ಮೇಡಂ. ಅವಳು ಇನ್ನೂ ಹತ್ರ ಬಂದ್ಲು, ಮೈಕು ಗಲ್ಲಕ್ಕೆ ತಾಗೋವಷ್ಟು. ನನ್ನ ಮಾತು ಬಿಟ್ಟು ಕಾಲುವೆ ಮಾತಿಗೆ ಬಂದ ತಕ್ಷಣ ಏರಿಸ್ತೀನಿ ಅಂತ ಇವನು ಅಂದ್ಕೊಂಡ. ಅವಳು ಯಾವಾಗಲೋ ಕಾಲುವೆ ಮಾತಿಗೆ ಬಂದಿದ್ಲು. ಆದ್ರೆ ನಡುನಡುವೆ ಇವನ ಕಡೆ ನೋಡ್ತಿದ್ಲು, ಮತ್ತೆ ಎಲ್ಲಿ ಟಬ್ಬು ತೆಗೀತಾಳೋ ಅನ್ನೋ ಭಯಕ್ಕೆ ಬೆರಳು ಏಳಲೇ ಇಲ್ಲ. ಅವಳು ಕೆಮ್ಮಿದ್ಲು. ನೀರು ಕುಡಿದ್ಲು. ಏನೋ ಎರಡು ಮಾತಾಡಿ ಕೂತುಬಿಟ್ಲು.

ಮನೆಗೆ ಬಿಡುವಾಗ ಗಾಡೀಲಿ ಅವಳೇ ಮಾತು ತೆಗೆದ್ಲು.

"ಗಂಟಲು ಕೈಕೊಡ್ತು ಕಣೋ. ಬಚ್ಚಲಲ್ಲಿ ನಿಂತು ಹೇಳ್ಕೊಂಡಾಗ ಎಲ್ಲಾ ಸರಿಯಾಗಿ ಬಂದಿತ್ತು."

"ಚೆನ್ನಾಗೇ ಹೇಳಿದ್ಯಲ್ಲ."

"ಕೇಳಿಸ್ತಾ?"

"ಹೂಂ. ಕೇಳಿಸ್ತು."

ಎರಡು ದಿನ ಬಿಟ್ಟು ಟೈಪಿಸ್ಟ್ ಹುಡುಗಿ ಫೋನ್ ಮಾಡಿದ್ಲು. "ಅಣ್ಣ, ಆ ಚಿಪ್ಪು ಆಯೋ ಅಮ್ಮನ ಮಾತು ಶುರುವಲ್ಲಿ ಇದೆ, ಆಮೇಲೆ ಬರೀ ಫ್ಯಾನ್ ಸದ್ದು. ಏನಾಗಿತ್ತು?"

ಹೋಗಿ ಕೇಳಿಸಿಕೊಂಡ. ಹುಡುಗಿ ಇಯರ್‌ಫೋನಿನ ಒಂದು ತುದಿ ಇವನ ಕಿವಿಗೆ ಕೊಟ್ಟು, ಇನ್ನೊಂದನ್ನ ತಾನಿಟ್ಕೊಂಡಿದ್ಲು. ಮೂಗಿನ ತನಕ ಕೆಸರು ಅನ್ನೋವರೆಗೆ ಕನ್ನಡಿ ಹಾಗಿದೆ. ಆಮೇಲೆ ಗರಗರ. ಆ ಗರಗರದ ತಳದಲ್ಲಿ ಯಾರೋ ಗೋಡೆಯಾಚೆ ಮಾತಾಡಿದ ಹಾಗೆ. ಪದ ಒಂದೂ ಸಿಗಲ್ಲ. ಕೊನೆಗೆ ಕೆಮ್ಮು, ಲೋಟ ಇಟ್ಟ ಸದ್ದು.

"ಮಷಿನ್ ಏನಾದ್ರೂ..." ಅಂತ ಹುಡುಗಿ ಅನ್ನೋದ್ರಲ್ಲಿ ಇವನ ಬಾಯಿ ಇವನಿಗಿಂತ ಮುಂಚೆ ಓಡಿತು.

"ಮಷಿನ್ ಅಲ್ಲ. ಮೈಕಿಂದ ದೂರ ನಿಂತಿರ್ತಾರೆ. ವಯಸ್ಸಾದೋರು, ಅಭ್ಯಾಸ ಇರಲ್ಲ."

ಅವಳು ತಲೆಯಾಡಿಸಿ ಹಾಗೇ ಬರ್ಕೊಂಡ್ಲು. ಮೈಕಿಗೆ ಗಲ್ಲ ತಾಗಿಸಿ ನಿಂತಿದ್ದವಳನ್ನ ಒಂದೇ ಮಾತಲ್ಲಿ ಮಾರು ದೂರ ನಿಲ್ಲಿಸಿಬಿಟ್ಟ. ಮೆಟ್ಟಿಲು ಇಳೀತಾ ತನ್ನ ಮೇಲೆ ತನಗೇ ಎಂಥ ಹೇಸಿಗೆ ಬಂತು ಅಂದ್ರೆ, ಬೀದೀಲಿ ಯಾರೋ "ಏನ್ ಸೌಂಡು" ಅಂದಾಗ ಕಳ್ಳನ ಹಾಗೆ ಬೆಚ್ಚಿಬಿದ್ದ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತಲ್ಲ, ಹಾಗೆ.

ಅಲ್ಲಿಂದ ಸೀದಾ ದೊಡ್ಡಮ್ಮನ ಮನೆಗೆ ಹೋದ, ಹೇಳಿಬಿಡೋಣ ಅಂತ. ಅವಳು ಹಿತ್ತಲಲ್ಲಿ ಬಿಸಿ ಉಪ್ಪುನೀರು ಬಾಯಿಗೆ ಹಾಕ್ಕೊಂಡು ಗಳಗಳ ಅಂತ ಮುಕ್ಕಳಿಸ್ತಿದ್ಲು.

"ಏನಾಯ್ತು?"

ಉಗುಳಿ ಅಂದ್ಲು, "ಗಂಟಲಿಗೆ ಒಂದು ಗತಿ ಕಾಣಿಸ್ಬೇಕಲ್ಲ. ಮುಂದಿನ ವಾರ ಬರ್ದದ್ದನ್ನ ಎಲ್ಲರ ಮುಂದೆ ಓದ್ತಾರಂತೆ. ಏನಾದ್ರೂ ಕೇಳಿದ್ರೆ ಉತ್ತರ ಕೊಡೋಕೆ ದನಿ ಬೇಡ್ವಾ? ಅವತ್ತು ಮಾನ ಹೋಯ್ತು. ಪಕ್ಕದವಳು ಅಂತಾಳೆ, ನಮ್ಮ ಹತ್ರ ಜಗಳಕ್ಕೆ ನಿಂತರೆ ಮೂರು ಬೀದಿಗೆ ಕೇಳುತ್ತೆ, ಸಭೇಲಿ ಬೆಕ್ಕಿನ ಹಾಗೆ ಮಿಯಾಂವ್ ಅಂದೆ ಅಂತ."

"ಡಾಕ್ಟರ ಹತ್ರ ಹೋಗೋದು ಬೇಡ" ಅಂದ ಇವನು. ಹೇಳೋಕೆ ಬಂದದ್ದು ಅದಲ್ಲ.

"ಯಾಕೋ?"

"ಏನಿಲ್ಲ. ಗಂಟಲು ಚೆನ್ನಾಗಿದೆ ನಿಂದು."

ನುಂಗೋಕೂ ಆಗಲ್ಲ, ಉಗುಳೋಕೂ ಆಗಲ್ಲ. ಅವಳು ಬೇಯಿಸಿಟ್ಟಿದ್ದ ಚಿಪ್ಪುಮೀನು ತಟ್ಟೆಗೆ ಹಾಕಿಕೊಟ್ಲು, ತಿಂದ. ಪ್ರತಿ ಸಲದ ಹಾಗೆ ಇವತ್ತೂ ತಿಂದು ಕೈಗೆ ಸೋಪು ಎರಡು ಸಲ ಹಚ್ಚಿದ. ಅವಳು ನೋಡ್ತಾ ನಿಂತಿದ್ಲು, ಟವಲ್ ಕೊಟ್ಲು.

ಕರಡು ಓದೋ ಸಭೆಗೂ ಇವನದೇ ಮೈಕು. ಮಷಿನ್ ಕೆಟ್ಟಿತ್ತು ಅಂತ ಹೇಳಿಬಿಡೋದು ಅಂತ ದಾರಿಯುದ್ದಕ್ಕೂ ಲೆಕ್ಕ ಹಾಕಿದ. ಕಸುಬಿಗೆ ಒಂದು ಮಸಿ ಬೀಳುತ್ತೆ, ಬೀಳಲಿ. ವ್ಯವಸ್ಥೆಯ ತಪ್ಪಿಂದ ಮಾತು ಹೋದ್ರೆ ಮತ್ತೊಂದು ಸರದಿ ಕೊಡ್ತಾರೆ ಅಂತ ನಿಯಮ ಇದೆ. ದೊಡ್ಡಮ್ಮನಿಗೆ ಸರದಿ ಸಿಗುತ್ತೆ, ತನ್ನ ಗುಟ್ಟೂ ಉಳಿಯುತ್ತೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯೋ ಲೆಕ್ಕ.

ಹುಡುಗಿ ಓದ್ತಾ ಬಂದ್ಲು. "ಚಿಪ್ಪು ಆಯುವವರ ಪರವಾಗಿ ಒಬ್ಬ ಮಹಿಳೆ ಮಾತನಾಡಿದರು. ಮೈಕಿನಿಂದ ದೂರ ನಿಂತು ಮಾತನಾಡಿದ್ದರಿಂದ ಬಳಕೆಯ ವಿವರ ಯಾವುದೂ ಕೇಳಿಸಿಲ್ಲ. ಕಾಲುವೆ: ಬಳಕೆಯಲ್ಲಿಲ್ಲ."

ಮುಂದಿನ ಬೆಂಚಿನ ಹೆಂಗಸರೆಲ್ಲ ದೊಡ್ಡಮ್ಮನ ಕಡೆ ತಿರುಗಿದ್ರು. ಒಬ್ಬಳು ಅಂದ್ಲು, "ಹೋಯ್ತಲ್ಲೇ ಅಕ್ಕ." ದೊಡ್ಡಮ್ಮ ತನ್ನ ಕೈ ನೋಡ್ಕೊಂಡ್ಲು, ಯಾರದೋ ಪಾತ್ರೆ ಬೀಳಿಸಿ ಒಡೆದವರ ಹಾಗೆ.

ಸೌಂಡು ಎದ್ದು ನಿಂತ. "ಮೇಡಂ, ಅವತ್ತು ನನ್ನ ಮಷಿನ್ ಕೆಟ್ಟಿತ್ತು. ವೈರು ಸಡಿಲ ಆಗಿತ್ತು. ಅವರ ತಪ್ಪಲ್ಲ."

ಮೇಡಂ ಕನ್ನಡಕ ತೆಗೆದ್ರು. "ಹಾಗಿದ್ರೆ ಅವರಿಗೆ ಇನ್ನೊಂದು ಸರದಿ ಕೊಡ್ಬೇಕಾಗುತ್ತೆ."

ಅಷ್ಟಾಗಿದ್ರೆ ಕಥೆ ಸುಖವಾಗಿ ಮುಗೀತಿತ್ತು. ಆದ್ರೆ ದೊಡ್ಡಮ್ಮ ಎದ್ದು ನಿಂತ್ಲು. ಮೈಕು ಬೇಕಾಗಲಿಲ್ಲ, ಉಪ್ಪುನೀರು ಕೆಲಸ ಮಾಡಿತ್ತು.

"ಸುಳ್ಳು ಮೇಡಂ. ಅವನ ಮಷಿನ್ ಇವತ್ತಿನವರೆಗೂ ಕೆಟ್ಟಿಲ್ಲ. ಊರಲ್ಲಿ ಯಾರನ್ನ ಬೇಕಾದ್ರೂ ಕೇಳಿ. ನನ್ನ ಮಾನ ಉಳಿಸೋಕೆ ಅವನು ಹಾಗಂತಾನೆ. ಹುಡುಗನ ಹೊಟ್ಟೆಪಾಡು ಅದು, ಮಷಿನ್ ಕೆಟ್ಟದ್ದು ಅಂತ ಬರೆದ್ರೆ ನಾಳೆ ಯಾರು ಕರೀತಾರೆ? ತಪ್ಪು ನಂದೇ. ನಂಗೆ ಮೈಕ್ ಮುಂದೆ ನಿಂತು ಗೊತ್ತಿಲ್ಲ. ದೂರ ನಿಂತಿದ್ದೆ ಅಂತಲೇ ಇರಲಿ ಬಿಡಿ."

ಇಂಜಿನಿಯರ್ ಮೆಲ್ಲಗೆ ಅಂದ್ರು, "ಮೇಡಂ, ಆಯಮ್ಮನೇ ಒಪ್ಕೋತಿದ್ದಾರೆ." ಕೆಟ್ಟ ಮನುಷ್ಯ ಏನಲ್ಲ, ಅವರ ಕೆಲಸ ಅವರು ಮಾಡಿದ್ರು.

"ಹಾಗಾದ್ರೆ ಸರದಿ ಮುಗಿದ ಹಾಗೆ" ಅಂದ್ರು ಮೇಡಂ. "ಒಂದು ಕಡೆ ಮಷಿನ್ ಕೆಟ್ಟಿತ್ತು ಅಂತೀರಿ, ಒಂದು ಕಡೆ ಇಲ್ಲ ಅಂತೀರಿ. ನಾನು ಯಾವುದನ್ನ ಬರೀಲಿ?"

ದೊಡ್ಡಮ್ಮ ಇವನ ಕಡೆ ನೋಡಿ ಕಣ್ಣಲ್ಲೇ "ಕೂತ್ಕೊ" ಅಂದ್ಲು. ಸಣ್ಣವನಿದ್ದಾಗ ಟಬ್ಬಿಂದ ಎದ್ದರೆ ದೂರದಿಂದ ಹಾಗೇ ಅಂತಿದ್ಲು. ತನ್ನ ಅನ್ನದ ದಡ ಕೈಬಿಟ್ಟು ಹೋಗ್ತಿದ್ರೂ ಅವಳು ಇವನ ಪೆಟ್ಟಿಗೆಯ ಮರ್ಯಾದೆ ಕಾಯ್ತಿದ್ಲು.

ಸೌಂಡು ಕೂರಲಿಲ್ಲ. ನೆಲ ಬಾಯಿ ಬಿಡಲಿ ಅಂತ ಕಾದ, ಅದೂ ಬಿಡಲಿಲ್ಲ.

"ಮಷಿನ್ ಕೆಟ್ಟಿರಲಿಲ್ಲ ಮೇಡಂ. ಅವರು ದೂರ ನಿಂತಿರಲಿಲ್ಲ. ನಾನು ದನಿ ಇಳಿಸಿದೆ."

"ಅಂದ್ರೆ?"

"ಬೇಕಂತಲೇ. ಈ ನಾಬ್ ತಿರುಗಿಸಿದೆ."

ಹುಡುಗಿ ಟೈಪ್ ಮಾಡೋದು ನಿಲ್ಲಿಸಿ ತಲೆ ಎತ್ತಿದ್ಲು.

"ಯಾರಾದ್ರೂ ಹೇಳಿ ಮಾಡಿಸಿದ್ರಾ?" ಮೇಡಂ ಇಂಜಿನಿಯರ್ ಕಡೆ ನೋಡಿದ್ರು. ಇಂಜಿನಿಯರ್ ಮುಖ ಬಿಳುಚಿಕೊಳ್ತು.

"ಯಾರೂ ಇಲ್ಲ ಮೇಡಂ. ಆ ಸಾರ್‌ಗೆ ಏನೂ ಗೊತ್ತಿಲ್ಲ."

"ಕಾರಣ ಹೇಳ್ಬೇಕು. ಬರ್ಕೋಬೇಕಲ್ಲ."

ಹುಡುಗಿಯ ಬೆರಳು ಕೀಲಿಗಳ ಮೇಲೆ ಕಾಯ್ತಾ ಇತ್ತು. ಸೌಂಡು ಊರಲ್ಲಿ ಯಾರ ಯಾರದೋ ಮಾತನ್ನ ದೊಡ್ಡದು ಮಾಡಿದವನು, ತನ್ನದನ್ನ ಯಾವತ್ತೂ ಮಾಡಿರಲಿಲ್ಲ. "ಅವರು ನಮ್ಮ ದೊಡ್ಡಮ್ಮ" ಅಂದ. "ನನ್ನನ್ನ ಸಾಕಿದೋರು. ಅದನ್ನ ಹೇಳೋಕೆ ಶುರು ಮಾಡಿದ್ರು. ನಂಗೆ ನಾಚಿಕೆ ಆಯ್ತು. ಅದಕ್ಕೆ."

ಹಿಂದಿನ ಸಾಲಲ್ಲಿ ಯಾರೋ ಕಿಸಕ್ಕನೆ ನಕ್ಕರು, ಪಕ್ಕದವರು ಸುಮ್ಮನಿರಿಸಿದ್ರು. ಟಕಟಕ ಅಂತ ಅದೂ ಟೈಪ್ ಆಯ್ತು. ದೊಡ್ಡಮ್ಮ ಕೂತಿರಲಿಲ್ಲ, ನಿಂತೂ ಇರಲಿಲ್ಲ, ಬೆಂಚಿನ ಹಿಂದಿನ ಕಟ್ಟು ಹಿಡ್ಕೊಂಡು ಅರ್ಧ ಬಗ್ಗಿದ್ಲು. ಇವನ ಕಡೆ ನೋಡಲಿಲ್ಲ.

ಮೇಡಂ ಬಯ್ಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. "ನೀವು ಆ ಮೇಜು ಬಿಟ್ಟು ಆಚೆ ನಿಂತ್ಕೊಳ್ಳಿ, ಅವರಿಗೆ ಇನ್ನೊಂದು ಸರದಿ ಕೊಡ್ತೀನಿ" ಅಂದ್ರು ಅಷ್ಟೇ. ಹುಡುಗಿ ಬಂದು ಮಿಕ್ಸರ್ ಮುಂದೆ ಕೂತ್ಲು. "ಯಾವುದನ್ನೂ ಮುಟ್ಬೇಡ, ಹಾಗೇ ಬಿಡು" ಅಂತ ಇವನು ಅಂದ. ಗೋಡೆಗೆ ಒರಗಿ ನಿಂತ, ಸಿನಿಮಾ ಟಿಕೆಟ್ ಸಿಗದವನ ಹಾಗೆ.

ದೊಡ್ಡಮ್ಮ ಮೈಕ್ ಮುಂದೆ ಬಂದ್ಲು. ಗಲ್ಲ ತಾಗೋವಷ್ಟು ಹತ್ರ. ಈ ಸಲ ಎಲ್ಲಾ ಹೇಳಿದ್ಲು. ಯಾವ ಕಡೆಯಿಂದ ಇಳೀತಾರೆ, ಯಾವ ತಿಂಗಳು ಚಿಪ್ಪು ಸಣ್ಣದಿರುತ್ತೆ ಅಂತ ಬಿಟ್ಟುಬಿಡ್ತಾರೆ, ಯಾರ ಮಗಳು ಕೆಸರಲ್ಲಿ ದುಡಿದು ನರ್ಸ್ ಆದ್ಲು, ಯಾರ ಗಂಡ ಹಾಸಿಗೆ ಹಿಡಿದಾಗ ಆ ಬಕೆಟ್ಟೇ ಮನೆ ನಡೆಸ್ತು. ನಡುವೆ ಪಕ್ಕದವಳ ಜೊತೆ ಯಾವ ಮೂಲೆ ಯಾರದು ಅಂತ ಆದ ಜಗಳವನ್ನೂ ಸೇರಿಸಿದ್ಲು, ಪಕ್ಕದವಳು ಕೂತಲ್ಲಿಂದಲೇ "ಅದು ನಂದೇ ಮೂಲೆ" ಅಂದ್ಲು, ಅದೂ ದಾಖಲಾಯ್ತು. ಜನ ನಕ್ಕರು. ಟಬ್ಬಿನ ಮಾತು ಬರಲಿಲ್ಲ. ಮಷಿನ್ ಹತ್ರದ ಹುಡುಗನ ಮಾತು ಬರಲಿಲ್ಲ.

ಮುಗಿಸೋ ಮುಂಚೆ ಮೇಡಂ ಕೇಳಿದ್ರು, "ನಿಮ್ಮ ಮನೇಲಿ ಎಷ್ಟು ಜನ ಇದರ ಮೇಲೆ ಬದುಕಿದ್ದೀರಿ?"

"ಒಬ್ಬಳೇ ಮೇಡಂ. ನಾನೇ."

"ಮೊದಲಿಂದಲೂ?"

ದೊಡ್ಡಮ್ಮ ಮೈಕನ್ನ ಎರಡೂ ಕೈಲಿ ಹಿಡ್ಕೊಂಡ್ಲು. ಬಾಕ್ಸಲ್ಲಿ ಅವಳ ಉಸಿರು ಕೂಡ ಕೇಳಿಸ್ತು, ಅಷ್ಟು ಚೆನ್ನಾಗಿ ಬರ್ತಿತ್ತು.

"ಮೊದಲಿಂದಲೂ."

ಕಾಲುವೆ ಬಳಕೆಯಲ್ಲಿದೆ ಅಂತ ತಿದ್ದಿದ್ರು. ಬೇರೆ ಕೆಸರುದಡ, ದಾರಿ, ಎರಡೂ ಸೇರಿದ್ವು. ಹೆಂಗಸರು ದೊಡ್ಡಮ್ಮನನ್ನ ಸುತ್ತಿಕೊಂಡು ಹೊರಗೆ ಹೋದ್ರು. ಸೌಂಡು ಬಂದು ಟೈಪಿಸ್ಟ್ ಹುಡುಗಿ ಮುಂದೆ ನಿಂತ.

"ತಂಗಿ, ನಮ್ಮ ಮನೇದು ಒಂದು ಅಂತ ಬರ್ದಿದೀಯಲ್ಲ. ಅದು ಎರಡಾಗ್ಬೇಕು. ನಾನೂ ಇದ್ದೆ."

ಹುಡುಗಿಗೆ ಪಾಪ ಅನ್ನಿಸಿರಬೇಕು, ಪರದೆಯಿಂದ ತಲೆ ಎತ್ತಲಿಲ್ಲ. "ಅದು ಅವರು ಹೇಳಿದ್ದು ಅಣ್ಣ. 'ನಾಚಿಕೆ ಆಯ್ತು' ಅಂತ ನೀವು ಹೇಳಿದ್ದು ನಿಮ್ಮ ಹೆಸರಲ್ಲಿದೆ, ಇದು ಅವರ ಹೆಸರಲ್ಲಿದೆ. ಬದಲಾಯಿಸ್ಬೇಕಂದ್ರೆ ಅವರೇ ಬಂದು ಹೇಳ್ಬೇಕು. ಬೇಗ ಕರ್ಕೊಂಡು ಬನ್ನಿ, ಮೇಡಂ ಸಹಿ ಹಾಕ್ತಿದ್ದಾರೆ."

ಓಡಿದ. ದೊಡ್ಡಮ್ಮ ಅವನ ಗಾಡಿ ಹತ್ರಾನೇ ಇದ್ಲು. ಮುಂದಿನ ಸೀಟಲ್ಲಲ್ಲ, ಹಿಂದೆ, ಬಾಕ್ಸು ಇಡೋ ಜಾಗದಲ್ಲಿ ಬೇರೆ ಹೆಂಗಸರ ಜೊತೆ ಕಾಲು ಮಡಚಿ ಕೂತಿದ್ಲು. ಪಕ್ಕದಲ್ಲೇ ಇಂಜಿನಿಯರ್ ತಮ್ಮ ಕಾರಿಗೆ ಕಾಯ್ತಾ ನಿಂತಿದ್ರು.

"ದೊಡ್ಡಮ್ಮ, ಒಳಗೆ ಬಾ. ಒಂದು ಮಾತು ಹೇಳ್ಬೇಕು. ನಮ್ಮ ಮನೇಲಿ ಇಬ್ಬರು ಅಂತ."

"ಬಿಡೋ. ಕಾಲುವೆ ಬಂತಲ್ಲ, ಸಾಕು."

"ಯಾಕೆ ಒಬ್ಬಳೇ ಅಂದೆ?"

ಅವಳು ಅವನ ಮುಖ ನೋಡಿದ್ಲು, ಸಭೆಯಾದ ಮೇಲೆ ಮೊದಲ ಸಲ. ದನೀಲಿ ಸಿಟ್ಟಿರಲಿಲ್ಲ, ಕೊಂಕಿರಲಿಲ್ಲ. ತಿಂದ್ಯೇನೋ ಅಂತ ಕೇಳೋ ದನೀಲೇ ಅಂದ್ಲು, "ನಿಂಗೆ ನಾಚಿಕೆ ಆಗುತ್ತಲ್ಲ ಕಣೋ."

ಇನ್ನು ಆಗಲ್ಲ ದೊಡ್ಡಮ್ಮ ಅನ್ನೋಕೆ ಬಾಯಿ ತೆಗೆದ. ಇಂಜಿನಿಯರ್ ಕೇಳಿಸ್ಕೊಳ್ತಿದ್ರು. ಹೆಂಗಸರೆಲ್ಲ ಕೇಳಿಸ್ಕೊಳ್ತಿದ್ರು. ಇವನ ಕಿವಿ ಇನ್ನೂ ಕೆಂಡದ ಹಾಗೆ ಸುಡ್ತಿತ್ತು, ಅವಳಿಗೆ ಅದು ಕಾಣ್ತಿತ್ತು. ಅವಳ ಮುಂದೆ ಇನ್ನೊಂದು ಸುಳ್ಳು ಹೇಳೋಕೆ ಆಗಲಿಲ್ಲ.

"ಆಗುತ್ತೆ" ಅಂದ, ಎಲ್ಲರಿಗೂ ಕೇಳೋ ಹಾಗೆ. "ಆದ್ರೂ ಬಾ."

ಅವಳು ಮಂಡಿ ಹಿಡ್ಕೊಂಡು ಏಳೋಕೆ ಶುರು ಮಾಡಿದ್ಲು. ಇವನು ಕೈ ಕೊಟ್ಟ. ಅವಳು ಇಳಿಯೋ ಹೊತ್ತಿಗೆ ಮೇಡಂ ಚೀಲ ಹೆಗಲಿಗೆ ಹಾಕ್ಕೊಂಡು ಮೆಟ್ಟಿಲು ಇಳಿದು ಬರ್ತಿದ್ರು, ಹಿಂದೆ ಹುಡುಗಿ ಲ್ಯಾಪ್‌ಟಾಪ್ ಮುಚ್ಚಿ ಎದೆಗೆ ಅವುಚಿಕೊಂಡಿದ್ಲು. ಇವರನ್ನ ನೋಡಿ ಇಲ್ಲ ಅಂತ ತಲೆಯಾಡಿಸಿದ್ಲು.

ವರದೀಲಿ ಅವಳ ಮನೆಯ ಲೆಕ್ಕ ಇವತ್ತಿಗೂ ಒಂದೇ ಇದೆ. ಅವತ್ತು ಇಬ್ಬರೂ ಸ್ವಲ್ಪ ಹೊತ್ತು ಗಾಡಿ ಹಿಂದೆ ಹಾಗೇ ನಿಂತಿದ್ರು, ಅವಳ ಕೈ ಇವನ ಕೈಯಲ್ಲೇ ಇತ್ತು. ಆಮೇಲೆ ಒಳಗಿಂದ ಪಕ್ಕದವಳು ಕೂಗಿದ್ಲು, "ಹೊರಡಪ್ಪ, ನೀರು ಹಿಂದೆ ಸರಿಯೋ ಹೊತ್ತಾಯ್ತು."